ಒಂದೇ ಸತ್ಯವೇದ, ಎರಡು ಸಭೆ: ಮಿಸೌರಿ ಲೂಥರನ್ನರ ಜಗಳ ಇನ್ನೂ ಯಾಕೆ ಮುಗಿದಿಲ್ಲ

ನಾನು ಸಂಡೇ ಸ್ಕೂಲಿಗೆ ಹೋಗುತ್ತಿದ್ದಾಗ ಒಂದು ವಾರ ಯೋನನ ಕಥೆ ಬಂತು. ದೇವರ ಮಾತು ಕೇಳದೆ ಓಡಿಹೋದ ಪ್ರವಾದಿ, ಬಿರುಗಾಳಿ, ಅವನನ್ನು ನುಂಗಿದ ದೊಡ್ಡ ಮೀನು. ನಮ್ಮ ಕ್ಲಾಸಿನಲ್ಲಿ ಬಂದರಿನ ಕಡೆಯ ಒಬ್ಬ ಹುಡುಗ ಇದ್ದ. ಅವನ ಅಪ್ಪನದು ಮೀನಿನ ವ್ಯಾಪಾರ. ಅವನು ಎದ್ದು ನಿಂತು ಕೇಳಿದ: "ಟೀಚರ್, ಮೀನಿನ ಹೊಟ್ಟೆಯಲ್ಲಿ ಮೂರು ದಿನ ಉಸಿರಾಡ್ಲಿಕ್ಕೆ ಆಗ್ತದಾ? ಇದು ನಿಜವಾಗಿ ನಡೆದದ್ದಾ?" ಟೀಚರ್ ಬೈಯಲಿಲ್ಲ. "ದೇವರಿಗೆ ಆಗದ್ದು ಏನುಂಟು ಮಗಾ?" ಅಂದರು. ಸ್ವಲ್ಪ ತಡೆದು, "ಆದ್ರೆ ಇದು ಮೀನಿನ ಕಥೆ ಅಲ್ಲ. ನಿನೆವೆಯವರನ್ನೂ ದೇವರು ಕ್ಷಮಿಸಿದ್ರಲ್ಲಾ, ಅದಕ್ಕೆ ಯೋನನಿಗೆ ಸಿಟ್ಟು ಬಂತಲ್ಲಾ, ಆ ಕಥೆ" ಅಂದರು. ನಮಗೆ ಎರಡೂ ಉತ್ತರ ಸರಿ ಅನ್ನಿಸಿತು. ಹಾಡು ಹೇಳಿ ಮನೆಗೆ ಹೋದೆವು.

ಟೀಚರ್ ಒಂದೇ ಉಸಿರಿನಲ್ಲಿ ಹೇಳಿದ ಆ ಎರಡು ಮಾತುಗಳ ನಡುವೆಯೇ ಅಮೆರಿಕದ ದೊಡ್ಡ ಲೂಥರನ್ ಸಭೆಯೊಂದು ಸೀಳಿಹೋಯಿತು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅದು ನಡೆದದ್ದು 1974ರಲ್ಲಿ. ಈಗ 50 ವರ್ಷ ದಾಟಿದೆ. ಆದರೂ ಜಗಳ ನಿಂತಿಲ್ಲ. 2023ರಲ್ಲಿ ಅದೇ ಸಭೆಯಲ್ಲಿ ಒಂದು ಪುಸ್ತಕದ ಕಾರಣಕ್ಕೆ, ಒಂದು ವಿಶ್ವವಿದ್ಯಾಲಯದ ಕಾರಣಕ್ಕೆ ಮತ್ತೆ ಹೊತ್ತಿಕೊಂಡಿತು. ಎದುರಾಳಿಗಳು ಹೊರಗೆ ಹೋದ ಮೇಲೂ ಜಗಳ ಯಾಕೆ ಮುಂದುವರಿಯಿತು? ಈ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ನನಗೆ ಸಿಕ್ಕ ಉತ್ತರ ಇದು: ಅವತ್ತು ಗೆದ್ದದ್ದು, ನಂಬಿಕೆಯ ಗೆರೆಯನ್ನು ವೋಟು ಹಾಕಿ ಎಳೆಯಬಹುದು ಅನ್ನುವ ಪದ್ಧತಿ. ಹಾಗೆ ಎಳೆದ ಗೆರೆ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ.

ಈ ಸಭೆಯ ಪೂರ್ತಿ ಹೆಸರು ಲೂಥರನ್ ಚರ್ಚ್ ಮಿಸೌರಿ ಸಿನಡ್. ಜನ ಸುಮ್ನೆ 'ಮಿಸೌರಿ' ಅನ್ನುತ್ತಾರೆ. 1838ರ ಕೊನೆಗೆ ಜರ್ಮನಿಯ ಸ್ಯಾಕ್ಸನಿಯಿಂದ ನೂರಾರು ಜನ ಹಡಗು ಹತ್ತಿದರು. ತಮ್ಮ ಊರಿನ ಚರ್ಚುಗಳಲ್ಲಿ ಬುದ್ಧಿಗೆ ಒಪ್ಪಿದ್ದನ್ನು ಮಾತ್ರ ನಂಬುವ ವಿಚಾರವಾದ ಜಾಸ್ತಿಯಾಯಿತು, ಹದಿನಾರನೇ ಶತಮಾನದ ಸುಧಾರಕ ಮಾರ್ಟಿನ್ ಲೂಥರನ ಮೂಲ ಬೋಧನೆ ಕರಗಿಹೋಯಿತು ಅನ್ನುವುದು ಅವರ ಸಂಕಟ. ಮಿಸೌರಿ ರಾಜ್ಯಕ್ಕೆ ಬಂದು ನೆಲೆ ನಿಂತರು. ಕರೆದುಕೊಂಡು ಬಂದ ನಾಯಕ, ಬಿಷಪ್ ಮಾರ್ಟಿನ್ ಸ್ಟೆಫಾನ್ ಮೇಲೆ ಕೆಲವೇ ತಿಂಗಳಲ್ಲಿ ಗಂಭೀರ ಆರೋಪ ಬಂತು, ಅವನನ್ನು ಹೊರಗೆ ಹಾಕಿದರು. ಬಿಷಪ್ ಇಲ್ಲದ ಮೇಲೆ ನಾವು ಸಭೆ ಹೌದೋ ಅಲ್ಲವೋ ಅಂತ ಜನ ಕಂಗಾಲಾದರು. ಆಗ ಸಿ. ಎಫ್. ಡಬ್ಲ್ಯು. ವಾಲ್ಥರ್ ಎಂಬ ಯುವ ಸಭಾಪಾಲಕ, 1841ರಲ್ಲಿ, ಸುವಾರ್ತೆ ಸಾರುವ ಜನ ಎಲ್ಲಿ ಸೇರಿದ್ದಾರೋ ಅಲ್ಲೇ ಸಭೆ ಇದೆ ಅಂತ ವಾದಿಸಿ ಅವರಿಗೆ ಧೈರ್ಯ ತುಂಬಿದರು. 1847ರಲ್ಲಿ ಸಿನಡ್ ಹುಟ್ಟಿತು, ವಾಲ್ಥರ್ ಮೊದಲ ಅಧ್ಯಕ್ಷರಾದರು. ಮೇಲಿನ ಅಧಿಕಾರಕ್ಕಿಂತ ಊರಿನ ಸಭೆ ದೊಡ್ಡದು ಅನ್ನುವ ಈ ನೆನಪು ಅವರ ರಕ್ತದಲ್ಲಿತ್ತು. ಸಿನಡ್ ಎಂಬುದು ಸಭೆಗಳಿಗೆ ಸಲಹೆ ಕೊಡುವ ಸಂಸ್ಥೆ, ಬಲವಂತ ಮಾಡುವ ಸರ್ಕಾರ ಅಲ್ಲ ಅಂತ ಅವರ ಸಂವಿಧಾನದಲ್ಲೇ ಬರೆದಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕನ್ನಡದ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಬೈಬಲ್‌ಗೆ 'ಸತ್ಯವೇದ' ಅಂತಲೇ ಹೆಸರು. ರಟ್ಟಿನ ಮೇಲೂ ಹಾಗೇ ಅಚ್ಚಾಗಿರುತ್ತದೆ. ಮಿಸೌರಿಯ ಜಗಳ ಅರ್ಥ ಮಾಡಿಕೊಳ್ಳಲು ಈ ಪದದಿಂದಲೇ ಶುರು ಮಾಡಬಹುದು. ಇದರೊಳಗಿನ 'ಸತ್ಯ' ಎಂಥದ್ದು? ಪುಸ್ತಕದಲ್ಲಿ ಇರುವ ಪ್ರತಿ ಘಟನೆ, ಪ್ರತಿ ಲೆಕ್ಕ, ಪ್ರತಿ ಹೆಸರು ನಡೆದ ಹಾಗೇ ದಾಖಲಾಗಿದೆ ಅನ್ನುವ ಸತ್ಯವೋ? ಅಥವಾ ಪಾಪಿಯನ್ನು ದೇವರು ಕ್ರಿಸ್ತನಲ್ಲಿ ಕ್ಷಮಿಸುತ್ತಾರೆ ಎಂದು ಪುಸ್ತಕ ಹೇಳುವ ಸುದ್ದಿ ಸುಳ್ಳಾಗುವುದಿಲ್ಲ ಅನ್ನುವ ಸತ್ಯವೋ? ಎರಡೂ ಅಂತ ಹೇಳುವವರೇ ಜಾಸ್ತಿ. ಕಷ್ಟ ಬರುವುದು, ಎರಡರಲ್ಲಿ ಯಾವುದು ಯಾವುದರ ಮೇಲೆ ನಿಂತಿದೆ ಅಂತ ಕೇಳಿದಾಗ.

ಕವಿರಾಜಮಾರ್ಗವನ್ನು ಬರೆದದ್ದು ನೃಪತುಂಗನೋ ಶ್ರೀವಿಜಯನೋ ಅಂತ ನಮ್ಮ ವಿದ್ವಾಂಸರು ಎಷ್ಟೋ ಕಾಲ ಚರ್ಚೆ ಮಾಡಿದರು. ಪದ್ಯಗಳನ್ನು ಒರೆಗೆ ಹಚ್ಚಿದರು, ಒಳಗಿನ ಸುಳಿವುಗಳನ್ನು ಹುಡುಕಿದರು. ಇದರಿಂದ ಆ ಗ್ರಂಥದ ಗೌರವ ಕಡಿಮೆಯಾಗಲಿಲ್ಲ. ಬೈಬಲ್ ಮೇಲೂ ಯುರೋಪಿನ ವಿದ್ವಾಂಸರು ಇದೇ ಕೆಲಸ ಮಾಡಿದರು. ಮೊದಲ ಐದು ಪುಸ್ತಕಗಳನ್ನು ಮೋಶೆಯೇ ಬರೆದನೋ, ಅಥವಾ ಬೇರೆ ಬೇರೆ ಕಾಲದ ಬರಹಗಳನ್ನು ಯಾರೋ ಹೊಲಿದರೋ? ಯೋನನ ಪುಸ್ತಕ ಚರಿತ್ರೆಯೋ, ನೀತಿ ಹೇಳುವ ಕಥೆಯೋ? ಹೀಗೆ ಕೇಳಿ ಕೇಳಿ ಓದುವ ಕ್ರಮವನ್ನು ಚಾರಿತ್ರಿಕ ವಿಮರ್ಶೆ ಅನ್ನುತ್ತಾರೆ.

ಆದರೆ ಕವಿರಾಜಮಾರ್ಗವನ್ನು ಯಾರು ಬರೆದರು ಅನ್ನುವುದರ ಮೇಲೆ ಯಾರ ರಕ್ಷಣೆಯೂ ನಿಂತಿಲ್ಲ, ಅಲ್ವಾ? ಸಂಪ್ರದಾಯವಾದಿಗಳ ಭಯ ಇಲ್ಲೇ ಇರುವುದು. ಅದನ್ನು ಹಗುರವಾಗಿ ನೋಡಬಾರದು. ಮೋಶೆ ನನ್ನ ವಿಷಯವಾಗಿ ಬರೆದನು ಅಂತ ಯೇಸುಸ್ವಾಮಿಯೇ ಯೋಹಾನನ ಸುವಾರ್ತೆಯಲ್ಲಿ ಹೇಳಿದ್ದಾರೆ. ಯೋನನು ಮೀನಿನ ಹೊಟ್ಟೆಯಲ್ಲಿ ಮೂರು ದಿನ ಇದ್ದ ಹಾಗೆ ತಾನೂ ಭೂಮಿಯೊಳಗೆ ಇರುವೆನೆಂದು ಮತ್ತಾಯನ ಸುವಾರ್ತೆಯಲ್ಲಿ ಹೇಳಿದ್ದಾರೆ. ಪೌಲನು ಆದಾಮನನ್ನೂ ಕ್ರಿಸ್ತನನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ಮಾತಾಡುತ್ತಾನೆ. ಮೀನು ಬರೀ ಕಥೆ, ಆದಾಮ ಬರೀ ಸಂಕೇತ ಅಂದರೆ, ಖಾಲಿ ಸಮಾಧಿಯ ಹತ್ತಿರ ಬಂದಾಗ ಎಲ್ಲಿ ಕಾಲು ಊರುತ್ತೀರಿ? ಇದು ಅವರ ಪ್ರಶ್ನೆ. ಸಾಯುವವರ ಹಾಸಿಗೆ ಪಕ್ಕ ಕೂತು ಪುನರುತ್ಥಾನದ ವಾಕ್ಯ ಓದಬೇಕಾದ ಸಭಾಪಾಲಕರಿಗೆ ಈ ಪ್ರಶ್ನೆ ತಮಾಷೆಯ ವಿಷಯ ಆಗಿರಲಿಲ್ಲ.

ಇನ್ನೊಂದು ಕಡೆಯವರು ತಮ್ಮನ್ನು 'ಮಾಡರೇಟ್', ಅಂದರೆ ಮಧ್ಯಮ ದಾರಿಯವರು, ಅಂತ ಕರೆದುಕೊಂಡರು. ಎದುರಾಳಿಗಳು ಅವರಿಗೆ 'ಲಿಬರಲ್' ಅಂದರು. ನಾನು ಓದಿ ತಿಳಿದ ಮಟ್ಟಿಗೆ ಮಾಡರೇಟ್ ಅನ್ನುವುದೇ ನ್ಯಾಯವಾದ ಹೆಸರು. ಇವರು ಪುನರುತ್ಥಾನವನ್ನು ಬಿಟ್ಟವರಲ್ಲ. ನಾವು ಕ್ರಿಸ್ತನನ್ನು ನಂಬಿರುವುದರಿಂದ ಸತ್ಯವೇದವನ್ನು ನಂಬುತ್ತೇವೆ, ಪುಸ್ತಕದಲ್ಲಿ ತಪ್ಪಿಲ್ಲ ಅಂತ ಮೊದಲು ಸಾಧಿಸಿ ಆಮೇಲೆ ಕ್ರಿಸ್ತನ ಹತ್ತಿರ ಬಂದವರಲ್ಲ ಅನ್ನುವುದು ಅವರ ವಾದ. ಅವರಿಗೆ ಸಾಕ್ಷಿಯಾಗಿ ಲೂಥರನೇ ಇದ್ದ. 1522ರಲ್ಲಿ ಹೊಸ ಒಡಂಬಡಿಕೆಯ ಜರ್ಮನ್ ಅನುವಾದಕ್ಕೆ ಮುನ್ನುಡಿ ಬರೆಯುವಾಗ ಯಾಕೋಬನ ಪತ್ರಿಕೆಯನ್ನು ಲೂಥರ್ ಹುಲ್ಲಿನ ಪತ್ರಿಕೆ ಅಂತ ಕರೆದಿದ್ದ. ಅದರಲ್ಲಿ ಸುವಾರ್ತೆಯ ಸಾರ ಕಾಣುವುದಿಲ್ಲ ಅನ್ನುವುದು ಅವನ ತಕರಾರು. ಸುವಾರ್ತೆಯನ್ನೇ ಅಳತೆಗೋಲು ಮಾಡುವುದು ಲೂಥರನಿಂದ ಕಲಿತದ್ದು ಅಂತ ಮಾಡರೇಟ್‌ಗಳು ಹೇಳಿದರು. ಎಲ್ಲವನ್ನೂ ಸುವಾರ್ತೆಗೆ ಇಳಿಸಿ ಉಳಿದದ್ದನ್ನು ಗಾಳಿಗೆ ತೂರುತ್ತಿದ್ದೀರಿ ಅಂತ ಸಂಪ್ರದಾಯವಾದಿಗಳು ಹೇಳಿದರು.

ಜಗಳ ದಿಢೀರ್ ಅಂತ ಬಂದದ್ದಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಜರ್ಮನ್ ವಿರೋಧಿ ಅಲೆ ಎದ್ದಿತು. ಅಲ್ಲಿಯವರೆಗೆ ಜರ್ಮನ್ ಭಾಷೆಯ ಗೋಡೆಯೊಳಗೆ ಇದ್ದ ಸಭೆ ಇಂಗ್ಲಿಷಿಗೆ ತಿರುಗಿತು. ಮುಂದಿನ ತಲೆಮಾರಿನ ಮೇಷ್ಟ್ರುಗಳು ಹೊರಗಿನ ವಿಶ್ವವಿದ್ಯಾಲಯಗಳಲ್ಲಿ ಓದಿದರು. 1945ರಲ್ಲಿ ಚಿಕಾಗೋದಲ್ಲಿ 44 ಮಂದಿ ಸೇರಿ, ನಮ್ಮ ಸಭೆಯಲ್ಲಿ ಪ್ರೀತಿ ಕಡಿಮೆಯಾಗಿ ನಿಯಮದ ಬಿಗಿ ಜಾಸ್ತಿಯಾಗಿದೆ ಅಂತ ಹೇಳಿಕೆ ಹೊರಡಿಸಿದರು. 1950ರ ದಶಕದ ಕೊನೆಗೆ ಮಾರ್ಟಿನ್ ಶಾರ್ಲೆಮನ್ ಎಂಬ ಪ್ರಾಧ್ಯಾಪಕರು, ಸತ್ಯವೇದಕ್ಕೆ 'ತಪ್ಪಿಲ್ಲದ್ದು' ಅನ್ನುವ ಪದ ಹೊಂದುತ್ತದೆಯೇ ಅಂತ ಪ್ರಶ್ನೆ ಎತ್ತಿದರು. ಗದ್ದಲ ಆಯಿತು. ಸಿನಡ್‌ನ ಪ್ರತಿನಿಧಿಗಳೆಲ್ಲ ಸೇರುವ 1962ರ ಮಹಾಸಭೆಯಲ್ಲಿ ಅವರು ಕ್ಷಮೆ ಕೇಳಿದರು. ಇದೇ ಶಾರ್ಲೆಮನ್ 1970ರಲ್ಲಿ ತಮ್ಮ ಸಹೋದ್ಯೋಗಿಗಳ ಬೋಧನೆಯ ಬಗ್ಗೆ ವಿಚಾರಣೆ ಆಗಬೇಕೆಂದು ಕೇಳಿ ಪತ್ರ ಬರೆದವರು.

ಆ ಪತ್ರ ತಲುಪಿದ್ದು ಜೇಕಬ್ ಪ್ರೈಸ್ ಕೈಗೆ. 1969ರಲ್ಲಿ ಡೆನ್ವರ್‌ನಲ್ಲಿ ಸಿನಡ್ ಅಧ್ಯಕ್ಷರಾಗಿ ಆರಿಸಿ ಬಂದಿದ್ದರು. ಅವರ ತಂದೆ ಮಿನೆಸೋಟ ರಾಜ್ಯದ ಗವರ್ನರ್ ಆಗಿದ್ದವರು. ರಾಜಕೀಯ ಅವರ ಮನೆಯ ಹಿತ್ತಲ ಗಿಡ. ಅವರ ತಮ್ಮ ರಾಬರ್ಟ್ ಪ್ರೈಸ್, ಸೇಂಟ್ ಲೂಯಿಸ್‌ನ ಕಾಂಕಾರ್ಡಿಯಾ ಸೆಮಿನರಿಯಲ್ಲಿ, ಅಂದರೆ ಸಭಾಪಾಲಕರನ್ನು ತಯಾರು ಮಾಡುವ ಸಿನಡ್‌ನ ಶಾಲೆಯಲ್ಲಿ, ಪ್ರಾಧ್ಯಾಪಕ, ಸಂಪ್ರದಾಯದ ಕಡೆ. ಅದೇ ಮನೆತನದ ಡೇವಿಡ್ ಪ್ರೈಸ್, ಇವರ ದಾಯಾದಿ ಸಹೋದರ, 1973ರಿಂದ ಇನ್ನೊಂದು ಲೂಥರನ್ ಸಭೆಯ ಅಧ್ಯಕ್ಷ. ಆ ಸಭೆಯಲ್ಲಿ 1970ರಿಂದಲೇ ಹೆಂಗಸರಿಗೆ ಸಭಾಪಾಲಕರ ದೀಕ್ಷೆ ಕೊಡುತ್ತಿದ್ದರು. ಒಂದೇ ಕುಟುಂಬದ ಊಟದ ಮೇಜಿನಲ್ಲಿ ಎರಡೂ ಪಕ್ಷ ಕೂರುವಂತಿತ್ತು.

1969ರಲ್ಲೇ ಜಾನ್ ಟೀಟ್‌ಯೆನ್ ಕಾಂಕಾರ್ಡಿಯಾ ಸೆಮಿನರಿಯ ಮುಖ್ಯಸ್ಥರಾದರು. ಮಾಡರೇಟ್‌ಗಳ ನಾಯಕ ಅವರೇ. ಪ್ರೈಸ್ ಒಂದು ಸತ್ಯಶೋಧನಾ ಸಮಿತಿ ನೇಮಿಸಿದರು. ಸಮಿತಿ ಪ್ರಾಧ್ಯಾಪಕರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿತು. ಆದಾಮ ಹವ್ವ ನಿಜವಾದ ಮನುಷ್ಯರೋ? ಕೆಂಪು ಸಮುದ್ರ ಸೀಳಿತೋ? ಯೋನನ ಮೀನು? ಪ್ರಾಧ್ಯಾಪಕರ ಸಂಕಟ ಏನೆಂದರೆ, ಅವರಿಗೆ ಬೇಕಾದದ್ದು ಬೇರೆ ಪ್ರಶ್ನೆ. ಯೋನನ ಪುಸ್ತಕ ಮುಗಿಯುವುದೇ ಒಂದು ಪ್ರಶ್ನೆಯಲ್ಲಿ: ಬಲಗೈ ಎಡಗೈ ತಿಳಿಯದ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನ ಇರುವ ಆ ಪಟ್ಟಣಕ್ಕಾಗಿ ನಾನು ಕನಿಕರಪಡಬಾರದೋ ಅಂತ ದೇವರು ಕೇಳುತ್ತಾರೆ. ಅದಕ್ಕೆ ಯೋನ ಏನು ಉತ್ತರ ಕೊಟ್ಟ ಅಂತ ಪುಸ್ತಕ ಹೇಳುವುದಿಲ್ಲ. ವಿಚಾರಣೆಯ ಕೋಣೆಯಲ್ಲಿ ಈ ಕೊನೆಯ ವಾಕ್ಯಕ್ಕೆ ಜಾಗ ಕಡಿಮೆ ಇತ್ತು.

1973ರ ಜುಲೈ. ನ್ಯೂ ಆರ್ಲಿಯನ್ಸ್‌ನಲ್ಲಿ ಮಹಾಸಭೆ. ಪ್ರೈಸ್ ಹಿಂದಿನ ವರ್ಷ ಹೊರಡಿಸಿದ್ದ ಸಿದ್ಧಾಂತದ ಹೇಳಿಕೆಯನ್ನು ಸಿನಡ್‌ನ ಬೋಧನೆ ಅಂತ ಒಪ್ಪಿಕೊಳ್ಳುವ ಠರಾವು ಮತಕ್ಕೆ ಬಂತು. ಪರವಾಗಿ 562, ವಿರುದ್ಧ 455. ಆಮೇಲೆ ಸೆಮಿನರಿಯ ಹೆಚ್ಚಿನ ಪ್ರಾಧ್ಯಾಪಕರ ಬೋಧನೆಯನ್ನು ಖಂಡಿಸುವ ಠರಾವು. 574ಕ್ಕೆ 451. ದೇವರ ಸಭೆಯಲ್ಲಿ ಇಂಥದ್ದನ್ನು ಸಹಿಸಲಾಗದು ಅನ್ನುವ ಹದಿನಾರನೇ ಶತಮಾನದ ಮಾತನ್ನು ಅದರಲ್ಲಿ ಸೇರಿಸಿದ್ದರು.

ಈ ಅಂಕಿಗಳನ್ನು ಸ್ವಲ್ಪ ನಿಧಾನಕ್ಕೆ ನೋಡಿ. ನೂರಕ್ಕೆ 55ರ ಆಸುಪಾಸು. ಇನ್ನೊಂದು 62 ಮಂದಿ ಮನಸ್ಸು ಬದಲಿಸಿದ್ದರೆ ಫಲಿತಾಂಶವೇ ತಿರುಗುತ್ತಿತ್ತು. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇಲ್ಲೇ ಇದೆ. ಮಿಸೌರಿ ಸಂವಿಧಾನದ ಎರಡನೇ ವಿಧಿಯ ಪ್ರಕಾರ ಸದಸ್ಯರು ಒಪ್ಪಬೇಕಾದದ್ದು ಎರಡು ವಿಷಯ. ಸತ್ಯವೇದವು ಬರಹದಲ್ಲಿರುವ ದೇವರ ವಾಕ್ಯ, ನಂಬಿಕೆಗೂ ನಡತೆಗೂ ಅದೊಂದೇ ಪ್ರಮಾಣ ಅನ್ನುವುದು ಒಂದು. 1580ರ ಕಾಂಕಾರ್ಡ್ ಗ್ರಂಥದಲ್ಲಿ ಇರುವ ಲೂಥರನ್ ವಿಶ್ವಾಸ ಪ್ರಮಾಣಗಳು ಅದರ ಸರಿಯಾದ ವಿವರಣೆ ಅನ್ನುವುದು ಇನ್ನೊಂದು. ಅಷ್ಟೇ. ಮಾಡರೇಟ್‌ಗಳು ಕೇಳಿದ್ದು: ಇವೆರಡನ್ನೂ ನಾವು ಮನಸಾರೆ ಒಪ್ಪಿ ಸಹಿ ಹಾಕಿದ್ದೇವೆ. ಈಗ ಮಹಾಸಭೆಯ ಬಹುಮತ ಮೂರನೆಯದನ್ನು ಸೇರಿಸಿ, ಇದಕ್ಕೂ ಸಹಿ ಹಾಕಿ ಅನ್ನಬಹುದೋ? 1521ರಲ್ಲಿ ವೋರ್ಮ್ಸ್ ಪಟ್ಟಣದಲ್ಲಿ ಚಕ್ರವರ್ತಿಯ ಎದುರು ನಿಂತ ಲೂಥರ್, ಪೋಪರೂ ಮಹಾಸಭೆಗಳೂ ಎಷ್ಟೋ ಸಲ ತಪ್ಪಿದ್ದಾರೆ, ನನ್ನ ಮನಸ್ಸಾಕ್ಷಿ ದೇವರ ವಾಕ್ಯಕ್ಕೆ ಮಾತ್ರ ಕಟ್ಟುಬಿದ್ದಿದೆ ಅಂದಿದ್ದ. ಅವನ ಹೆಸರಿನ ಸಭೆಯಲ್ಲಿ ಮಹಾಸಭೆಯೊಂದು ಮನಸ್ಸಾಕ್ಷಿಗೆ ಕಟ್ಟು ಹಾಕಿತಲ್ಲ ಅನ್ನುವುದು ಅವರ ನೋವು.

ಸಂಪ್ರದಾಯವಾದಿಗಳ ಉತ್ತರವೂ ಗಟ್ಟಿಯಾಗಿಯೇ ಇತ್ತು. ಸತ್ಯವೇದ ದೇವರ ವಾಕ್ಯ ಅಂತ ಇಬ್ಬರೂ ಹೇಳುತ್ತೇವೆ. ಆದರೆ ಆ ಮಾತಿಗೆ ನೀವು ಕೊಡುವ ಅರ್ಥ ಬೇರೆಯಾದಾಗ, ಹಳೆಯ ಅರ್ಥ ಇದು ಅಂತ ಬಿಡಿಸಿ ಹೇಳುವುದು ಬೇಡವೇ? ಹಳ್ಳಿಯ ಸಭೆಗಳು ಭಾನುವಾರದ ಕಾಣಿಕೆ ಕೊಟ್ಟು ಸಾಕಿದ ಸೆಮಿನರಿ ಅದು. ಅಲ್ಲಿಂದ ಬರುವ ಸಭಾಪಾಲಕ ಏನು ಕಲಿತು ಬರುತ್ತಾನೆ ಅಂತ ಕೇಳುವ ಹಕ್ಕು ಅವರಿಗಿಲ್ಲವೇ? ಇದೆ ಅಂತಲೇ ನಾನೂ ಹೇಳುತ್ತೇನೆ. ಕೇಳುವ ಹಕ್ಕು ಇದೆ. ಆದರೆ ಸಿದ್ಧಾಂತದ ಪ್ರಶ್ನೆಯನ್ನು ನೂರಕ್ಕೆ 55ರ ಬಹುಮತದಿಂದ ತೀರ್ಮಾನಿಸಿ, ಉಳಿದ 45ರವರ ಮೇಷ್ಟ್ರುಗಳಿಗೆ ಬಾಗಿಲು ತೋರಿಸುವುದು ಬೇರೆ. ಸಲಹೆ ಕೊಡುವ ಸಂಸ್ಥೆ ಅಂತ ಬರೆದುಕೊಂಡವರು ಅವತ್ತು ಸರ್ಕಾರದ ಹಾಗೆ ನಡೆದುಕೊಂಡರು.

1974ರ ಜನವರಿ 20ರಂದು ಸೆಮಿನರಿಯ ಆಡಳಿತ ಮಂಡಳಿ ಟೀಟ್‌ಯೆನ್ ಅವರನ್ನು ಅಮಾನತು ಮಾಡಿತು. ಮಾರನೇ ದಿನ ವಿದ್ಯಾರ್ಥಿಗಳು, ಯಾವ ಮೇಷ್ಟ್ರು ತಪ್ಪು ಕಲಿಸಿದರು ಅಂತ ಹೆಸರು ಹೇಳುವವರೆಗೆ ಕ್ಲಾಸಿಗೆ ಬರುವುದಿಲ್ಲ ಅಂದರು. ಹೆಚ್ಚಿನ ಪ್ರಾಧ್ಯಾಪಕರು, ಟೀಟ್‌ಯೆನ್ ಮೇಲಿನ ಆರೋಪ ನಮ್ಮೆಲ್ಲರ ಮೇಲಿನ ಆರೋಪ ಅಂತ ಪಾಠ ನಿಲ್ಲಿಸಿದರು. ಒಂದು ತಿಂಗಳು ಹಗ್ಗಜಗ್ಗಾಟ. ಕೆಲಸಕ್ಕೆ ಬನ್ನಿ, ಇಲ್ಲವಾದರೆ ಕೆಲಸ ಹೋದಂತೆ ಅಂತ ಮಂಡಳಿ ಗಡುವು ಕೊಟ್ಟಿತು.

ಫೆಬ್ರವರಿ 19. ವಿದ್ಯಾರ್ಥಿಗಳು ಸೆಮಿನರಿಯ ಅಂಗಳದಲ್ಲಿ ಮರದ ಬಿಳಿ ಶಿಲುಬೆಗಳನ್ನು ನೆಟ್ಟರು. ಒಂದೊಂದರ ಮೇಲೂ ಒಂದೊಂದು ಹೆಸರು. ವಿದ್ಯಾರ್ಥಿಯದು, ಮೇಷ್ಟ್ರದು. ಹುಲ್ಲುಹಾಸಿನ ತುಂಬ ಶಿಲುಬೆಗಳು, ಸಮಾಧಿ ತೋಟದ ಹಾಗೆ. ಆಮೇಲೆ ಸಾಲಾಗಿ ಹೊರಟರು. ಕಮಾನು ಬಾಗಿಲಿಗೆ ಹಲಗೆ ಹೊಡೆದರು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಒಂದೇ ಪದ: ಗಡೀಪಾರು. ಹೊರಗೆ ಹೋದದ್ದು ವಿದ್ಯಾರ್ಥಿಗಳ ದೊಡ್ಡ ಪಾಲು, ಸುಮಾರು 50 ಬೋಧಕರಲ್ಲಿ 45 ಮಂದಿ. ಉಳಿದ ಪ್ರಾಧ್ಯಾಪಕರು ಐದೇ ಜನ. ಸೆಮಿನರಿ ಕೊಟ್ಟ ಮನೆಗಳಲ್ಲಿ ಇದ್ದವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೇರೆ ಮನೆ ಹುಡುಕಬೇಕಾಯಿತು.

ಮಾರನೇ ದಿನವೇ ಪಾಠ ಶುರುವಾಯಿತು. ಜಾಗ ಕೊಟ್ಟವರು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಜೆಸ್ವಿಟ್ ಪಾದ್ರಿಗಳು ಮತ್ತು ಈಡನ್ ಸೆಮಿನರಿಯವರು. ಲೂಥರನ ಚಳವಳಿಯನ್ನು ಎದುರಿಸಿ ಬೆಳೆದ ಕ್ಯಾಥೊಲಿಕ್ ಸಂಘ ಅದು. ನಾಲ್ಕೂವರೆ ಶತಮಾನದ ನಂತರ ಲೂಥರನ್ ಹುಡುಗರಿಗೆ ಅವರೇ ಬೆಂಚು ಕೊಟ್ಟರು. ಇದನ್ನು ಓದುವಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ. ಹೊಸ ಶಾಲೆಗೆ 'ಸೆಮಿನೆಕ್ಸ್' ಅಂತ ಹೆಸರಾಯಿತು, ಗಡೀಪಾರಾದ ಸೆಮಿನರಿ ಅಂತ ಅರ್ಥ.

ಮುಂದಿನ ಪ್ರಶ್ನೆ ಹೊಟ್ಟೆಪಾಡಿನದು. ಇಲ್ಲಿ ಓದಿ ಮುಗಿಸಿದವರಿಗೆ ಯಾವ ಸಭೆ ಕೆಲಸ ಕೊಡಬೇಕು? ಸಿನಡ್‌ನ ಪ್ರಾದೇಶಿಕ ವಿಭಾಗಗಳಾದ ಡಿಸ್ಟ್ರಿಕ್ಟ್‌ಗಳ ಕೆಲವು ಅಧ್ಯಕ್ಷರು ಧೈರ್ಯ ಮಾಡಿ ಅವರಿಗೆ ದೀಕ್ಷೆ ಕೊಡಿಸಿದರು. 1976ರ ಏಪ್ರಿಲ್‌ನಲ್ಲಿ ಅಂಥ ನಾಲ್ವರನ್ನು ಪ್ರೈಸ್ ಹುದ್ದೆಯಿಂದ ತೆಗೆದರು. ಅದೇ ವರ್ಷದ ಕೊನೆಗೆ ಮಾಡರೇಟ್‌ಗಳ ಹೊಸ ಸಭೆ ಹುಟ್ಟಿತು. ಮಿಸೌರಿಯಲ್ಲಿ ಆಗ ಸುಮಾರು 28 ಲಕ್ಷ ಜನ. ಹೊಸ ಸಭೆಗೆ ಹೋದವರು ಸುಮಾರು ಒಂದು ಲಕ್ಷ, 250ರಷ್ಟು ಸಭೆಗಳು. ಮಹಾಸಭೆಯಲ್ಲಿ ನೂರಕ್ಕೆ 45 ವೋಟು ಇತ್ತು, ಹೊರಗೆ ಬಂದದ್ದು ನೂರಕ್ಕೆ ನಾಲ್ಕು. ಯಾಕೆ? ತಾನು ದೀಕ್ಷಾಸ್ನಾನ ಪಡೆದ ಚರ್ಚು, ಮಕ್ಕಳು ಓದುವ ಸಭೆಯ ಶಾಲೆ, ಅಪ್ಪ ಅಮ್ಮನ ಸಮಾಧಿ. ಇವನ್ನೆಲ್ಲ ಬಿಟ್ಟು ಬರೀ ತತ್ವಕ್ಕಾಗಿ ಎದ್ದು ಬರುವುದು ಪ್ರಾಧ್ಯಾಪಕರಿಗೇ ಕಷ್ಟ, ಊರಿನ ಜನರಿಗೆ ಇನ್ನೂ ಕಷ್ಟ. ನಮ್ಮ ಕಡೆಯ ಸಭೆಗಳಲ್ಲೂ ಇದೇ ಸ್ಥಿತಿ. ಜನ ಗೊಣಗುತ್ತಾರೆ, ಬಿಟ್ಟು ಹೋಗುವುದಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಆ ಐವರ ಕಥೆ ನೋಡಿ. 1974ರಲ್ಲಿ ಹೊರಗೆ ಹೋಗದೆ ಉಳಿದ ಐದು ಪ್ರಾಧ್ಯಾಪಕರಲ್ಲಿ ರಾಬರ್ಟ್ ಪ್ರೈಸ್ ಒಬ್ಬರು, ರಾಲ್ಫ್ ಬೋಲ್ಮನ್ ಇನ್ನೊಬ್ಬರು. ಇಬ್ಬರೂ ಒಂದೇ ಕಡೆ ನಿಂತವರು. ಬೋಲ್ಮನ್ 1981ರಲ್ಲಿ ಸಿನಡ್ ಅಧ್ಯಕ್ಷರಾದರು. ರಾಬರ್ಟ್ ಪ್ರೈಸ್ ಇನ್ನೊಂದು ಸೆಮಿನರಿಯ ಮುಖ್ಯಸ್ಥರಾದರು, ಫೋರ್ಟ್ ವೇನ್‌ನಲ್ಲಿ. ಎದುರಾಳಿಗಳೆಲ್ಲ ಹೋಗಿಯಾಗಿತ್ತು. ಇನ್ನು ಶಾಂತಿ ಇರಬೇಕಿತ್ತು, ಅಲ್ವಾ? ಹಾಗಾಗಲಿಲ್ಲ. ಇವರಿಬ್ಬರ ಬಣಗಳ ನಡುವೆಯೇ ಬಿರುಕು ಬಂತು. 1989ರಲ್ಲಿ ರಾಬರ್ಟ್ ಪ್ರೈಸ್ ಅವರನ್ನು ಗೌರವ ನಿವೃತ್ತಿ ಅನ್ನುವ ಹೆಸರಿನಲ್ಲಿ ಹುದ್ದೆಯಿಂದ ಇಳಿಸಿದರು. ಅವರು ಹೋರಾಡಿ 1992ರಲ್ಲಿ ತಮ್ಮ ಪರ ತೀರ್ಪು ಪಡೆದರು. ಅದೇ ವರ್ಷ ಬೋಲ್ಮನ್ ಚುನಾವಣೆಯಲ್ಲಿ ಸೋತರು. ಅವರನ್ನು ಸೋಲಿಸಿದ ಆಲ್ವಿನ್ ಬ್ಯಾರಿಗೆ ಇನ್ನೂ ಬಿಗಿ ನಿಲುವಿನವರ ಬೆಂಬಲ ಇತ್ತು. 1974ರಲ್ಲಿ ಗಟ್ಟಿ ಸಂಪ್ರದಾಯವಾದಿ ಅನ್ನಿಸಿಕೊಂಡ ಮನುಷ್ಯ 1992ರ ಹೊತ್ತಿಗೆ ಸಾಕಷ್ಟು ಸಂಪ್ರದಾಯವಾದಿ ಅಲ್ಲ ಅನ್ನಿಸಿಕೊಂಡರು. ಅವರ ನಂಬಿಕೆ ಬದಲಾಗಿರಲಿಲ್ಲ. ಗೆರೆ ಜರುಗಿತ್ತು.

ಇನ್ನೊಂದು ಬದಿಯಿಂದಲೂ ನೋಡಬೇಕು. ವಿಸ್ಕಾನ್ಸಿನ್ ಸಿನಡ್ ಅನ್ನುವ ಇನ್ನೊಂದು ಲೂಥರನ್ ಸಭೆ 1961ರಲ್ಲೇ ಮಿಸೌರಿಯ ಸಂಬಂಧ ಕಡಿದುಕೊಂಡಿತ್ತು. ಕಾರಣ, ಮಿಸೌರಿ ಸಡಿಲವಾಗಿದೆ! ಅಂದರೆ ಒಬ್ಬರಿಗೆ ಬಿಗಿಯಾಗಿ ಕಂಡದ್ದು ಪಕ್ಕದವರಿಗೆ ಸಡಿಲ.

ಹೊರಗೆ ಹೋದವರಿಗೂ ನೆಮ್ಮದಿಯ ಮನೆ ಸಿಕ್ಕಿತು ಅನ್ನಲಾರೆ. ಸೆಮಿನೆಕ್ಸ್‌ನ ಕೊನೆಯ ಪದವಿ ಸಮಾರಂಭ 1983ರಲ್ಲಿ ಆಯಿತು, ಬೋಧಕರು ಚಿಕಾಗೋ ಮೊದಲಾದ ಕಡೆಯ ಸೆಮಿನರಿಗಳಿಗೆ ಹಂಚಿಹೋದರು. ಮಾಡರೇಟ್‌ಗಳ ಸಣ್ಣ ಸಭೆ ಇನ್ನೆರಡು ದೊಡ್ಡ ಸಭೆಗಳ ಜೊತೆ ಸೇರಿ 1988ರಲ್ಲಿ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಇನ್ ಅಮೆರಿಕ ಹುಟ್ಟಿತು. ಎಲ್ಲರೂ ಅಲ್ಲೇ ಉಳಿಯಲಿಲ್ಲ. ಮಿಸೌರಿ ಬಿಟ್ಟು ಬಂದಿದ್ದ ರಿಚರ್ಡ್ ಜಾನ್ ನ್ಯೂಹೌಸ್ 1990ರಲ್ಲಿ ಕ್ಯಾಥೊಲಿಕ್ ಆದರು. ದೊಡ್ಡ ಚರಿತ್ರೆಕಾರ ಯಾರೊಸ್ಲಾವ್ ಪೆಲಿಕಾನ್ 1998ರಲ್ಲಿ ಆರ್ಥೊಡಾಕ್ಸ್ ಸಭೆ ಸೇರಿದರು. ಇಬ್ಬರೂ ಮಿಸೌರಿ ಸಭೆಯ ಮಣ್ಣಿನ ಮಕ್ಕಳು.

2009ರ ಆಗಸ್ಟ್‌ನಲ್ಲಿ ಈ ಹೊಸ ದೊಡ್ಡ ಸಭೆಯೂ ಮಿನಿಯಾಪೊಲಿಸ್‌ನಲ್ಲಿ ಸೇರಿ ವೋಟು ಹಾಕಿತು. ವಿಷಯ ಈಗ ಯೋನ ಅಲ್ಲ, ಸಲಿಂಗ ದಾಂಪತ್ಯ. ಲೈಂಗಿಕತೆಯ ಕುರಿತ ಸಾಮಾಜಿಕ ಹೇಳಿಕೆಗೆ ಮೂರರಲ್ಲಿ ಎರಡು ಪಾಲು ಬೇಕಿತ್ತು. ಸಿಕ್ಕಿದ್ದು 676ಕ್ಕೆ 338, ಕರಾರುವಾಕ್ಕಾಗಿ ಅಷ್ಟೇ. ಒಂದು ವೋಟು ಆಚೀಚೆ ಆಗಿದ್ದರೂ ಬಿದ್ದುಹೋಗುತ್ತಿತ್ತು. ಸಲಿಂಗ ದಾಂಪತ್ಯದಲ್ಲಿ ಇರುವ ಸಭಾಪಾಲಕರಿಗೂ ದಾರಿ ತೆರೆಯುವ ಠರಾವು 559ಕ್ಕೆ 451ರಲ್ಲಿ ಪಾಸಾಯಿತು. ನೂರಾರು ಸಭೆಗಳು ಎದ್ದು ಹೋದವು. 2010ರಲ್ಲಿ ಹೊರಬಂದವರ ಹೊಸ ಲೂಥರನ್ ಸಭೆಯೊಂದು ಹುಟ್ಟಿತು. ಅಲ್ಲಿ ಹೆಂಗಸರಿಗೆ ದೀಕ್ಷೆ ಇದೆ, ಸಲಿಂಗ ವಿವಾಹಕ್ಕೆ ಒಪ್ಪಿಗೆ ಇಲ್ಲ. ಇವರು ಸಂಪ್ರದಾಯವಾದಿಗಳೋ ಮಾಡರೇಟ್‌ಗಳೋ? ಮಿಸೌರಿಯ ಕಣ್ಣಿಗೆ ಮಾಡರೇಟ್. ತಾವು ಬಿಟ್ಟು ಬಂದ ಸಭೆಯ ಕಣ್ಣಿಗೆ ಸಂಪ್ರದಾಯವಾದಿ. ಇಲ್ಲಿ ನನ್ನ ಒಲವು ಹೊರಗಿಟ್ಟವರನ್ನು ಒಳಗೆ ಕರೆಯುವವರ ಕಡೆ. ಆದರೂ ಮನಸ್ಸು ಒಪ್ಪದೆ ವಿರುದ್ಧ ವೋಟು ಹಾಕಿದ ಮೂರರಲ್ಲಿ ಒಂದು ಪಾಲಿನ ನೋವು ನನಗೆ ಸೇಂಟ್ ಲೂಯಿಸ್‌ನ ಶಿಲುಬೆಗಳನ್ನೇ ನೆನಪಿಸುತ್ತದೆ.

ಜನಸಂಖ್ಯೆಯ ಬಗ್ಗೆ ಒಂದು ಮಾತು. ಸಡಿಲ ಮಾಡಿದ್ದಕ್ಕೆ ಚರ್ಚು ಖಾಲಿಯಾಯಿತು ಅಂತ ಒಂದು ಕಡೆಯವರು, ಬಿಗಿ ಮಾಡಿದ್ದಕ್ಕೆ ಅಂತ ಇನ್ನೊಂದು ಕಡೆಯವರು ಹೇಳುತ್ತಾರೆ. 28 ಲಕ್ಷ ಇದ್ದ ಮಿಸೌರಿ ಈಗ 18 ಲಕ್ಷಕ್ಕಿಂತ ಕೆಳಗೆ ಇಳಿದಿದೆ. 1988ರಲ್ಲಿ ಹುಟ್ಟಿದ, 50 ಲಕ್ಷಕ್ಕೂ ಜಾಸ್ತಿ ಇದ್ದ ಇನ್ನೊಂದು ಸಭೆ 30 ಲಕ್ಷಕ್ಕಿಂತ ಕೆಳಗೆ. ಎರಡೂ ಕಡೆ ಬೆಂಚು ಖಾಲಿ. ಲೂಥರನ್ ಸಭೆ ದೊಡ್ಡದಾಗಿ ಬೆಳೆಯುತ್ತಿರುವುದು ಇಥಿಯೋಪಿಯಾ, ತಾಂಜಾನಿಯಾದಂಥ ಕಡೆ. ಇಥಿಯೋಪಿಯಾದ ಮೆಕಾನೆ ಯೇಸುಸ್ ಸಭೆ 2013ರಲ್ಲಿ ಸಲಿಂಗ ವಿವಾಹದ ವಿಷಯಕ್ಕೇ ಅಮೆರಿಕದ ಆ ಸಭೆಯ ಮತ್ತು ಸ್ವೀಡನ್ ಸಭೆಯ ಸಂಬಂಧ ಬಿಟ್ಟಿತು.

ನಮ್ಮ ನೆರೆಯಲ್ಲೂ ಈ ಜಗಳದ ಒಂದು ಹೆಜ್ಜೆಗುರುತು ಇದೆ. ಬೆಂಗಳೂರಿಂದ ಹೊಸೂರು ದಾಟಿ ಚೆನ್ನೈ ರಸ್ತೆಯಲ್ಲಿ ಹೋದರೆ ಕೃಷ್ಣಗಿರಿ ಸಿಗುತ್ತದೆ. 1890ರ ದಶಕದಲ್ಲಿ ತಮಿಳುನಾಡಿನಲ್ಲಿ ಕೆಲಸ ಮಾಡುತ್ತಿದ್ದ ಜರ್ಮನಿಯ ಲೈಪ್‌ಜಿಗ್ ಮಿಷನ್‌ನ ಕೆಲವರಿಗೆ, ಸತ್ಯವೇದದಲ್ಲಿ ತಪ್ಪಿಲ್ಲ ಅನ್ನುವ ವಿಷಯಕ್ಕೇ ತಮ್ಮ ಮಿಷನ್ ಜೊತೆ ಮನಸ್ತಾಪ ಬಂತು. ಅವರಲ್ಲಿ ಥಿಯೋಡರ್ ನೇಥರ್ ಮತ್ತು ಫ್ರಾನ್ಸ್ ಮೋನ್ ಮಿಸೌರಿ ಸಿನಡ್‌ಗೆ ಸೇರಿ, 1895ರಲ್ಲಿ ವಾಪಸು ಬಂದು ಕೃಷ್ಣಗಿರಿ ಕಡೆ ಕೆಲಸ ಶುರು ಮಾಡಿದರು. ಅದೇ ಬೆಳೆದು 1958ರಲ್ಲಿ ಇಂಡಿಯಾ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಆಯಿತು. ಸೇಂಟ್ ಲೂಯಿಸ್‌ಗಿಂತ 80 ವರ್ಷ ಮೊದಲೇ ಅದೇ ಪ್ರಶ್ನೆ ನಮ್ಮ ಗಡಿಯ ಪಕ್ಕ ಒಂದು ಸಭೆಯನ್ನು ಹುಟ್ಟಿಸಿತ್ತು. ಮಂಗಳೂರು ಕಡೆಯ ಬಾಸೆಲ್ ಮಿಷನ್ ದಾರಿ ಬೇರೆ. ಅದರಲ್ಲಿ ಲೂಥರನ್ನರೂ ರಿಫಾರ್ಮ್ಡ್ ಎಂಬ ಇನ್ನೊಂದು ಪ್ರೊಟೆಸ್ಟೆಂಟ್ ಪಂಥದವರೂ ಒಟ್ಟಿಗೆ ದುಡಿದರು. ಪ್ರಭು ಭೋಜನದ ರೊಟ್ಟಿಯ ಬಗ್ಗೆ ಯುರೋಪಿನಲ್ಲಿ ಇದ್ದ ಜಗಳವನ್ನು ಹಡಗಿನಲ್ಲಿ ತರಲಿಲ್ಲ. ಆ ಸಭೆಗಳು ಮುಂದೆ ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ) ಸೇರಿದವು. ನನ್ನ ಸಂಡೇ ಸ್ಕೂಲ್ ಟೀಚರ್ ಆ ಗಾಳಿಯಲ್ಲಿ ಬೆಳೆದವರು.

ಮಿಸೌರಿಯಲ್ಲಿ ಈಚಿನ ದಿನಗಳ ಜಗಳಕ್ಕೆ ಬರೋಣ. 2001ರ ಸೆಪ್ಟೆಂಬರ್ 23, ನ್ಯೂಯಾರ್ಕ್‌ನ ಅವಳಿ ಕಟ್ಟಡ ಬಿದ್ದು ಎರಡು ವಾರ ಆಗಿರಲಿಲ್ಲ. ಯಾಂಕಿ ಸ್ಟೇಡಿಯಂನಲ್ಲಿ ಎಲ್ಲ ಧರ್ಮದವರ ಪ್ರಾರ್ಥನೆ. ಮಿಸೌರಿಯ ಡಿಸ್ಟ್ರಿಕ್ಟ್ ಅಧ್ಯಕ್ಷ ಡೇವಿಡ್ ಬೆಂಕಿ ಅಲ್ಲಿ ಪ್ರಾರ್ಥಿಸಿದರು. ಬೇರೆ ಧರ್ಮದವರ ಜೊತೆ ವೇದಿಕೆ ಹಂಚಿಕೊಂಡ ಕಾರಣಕ್ಕೆ ಅವರನ್ನು 2002ರಲ್ಲಿ ಅಮಾನತು ಮಾಡಿದರು, 2003ರಲ್ಲಿ ವಾಪಸು ತೆಗೆದುಕೊಂಡರು. 2012ರ ಡಿಸೆಂಬರ್‌ನಲ್ಲಿ ನ್ಯೂಟೌನ್ ಶಾಲೆಯಲ್ಲಿ 20 ಮಕ್ಕಳು ಗುಂಡಿಗೆ ಬಲಿಯಾದರು. ಅಲ್ಲಿನ ಮಿಸೌರಿ ಸಭಾಪಾಲಕರು ಸರ್ವಧರ್ಮ ಪ್ರಾರ್ಥನೆಯಲ್ಲಿ ಕೊನೆಯ ಆಶೀರ್ವಾದ ಹೇಳಿದರು. ಸಿನಡ್ ಅಧ್ಯಕ್ಷ ಮ್ಯಾಥ್ಯೂ ಹ್ಯಾರಿಸನ್ ಆ ಸಭಾಪಾಲಕರಿಂದ ಕ್ಷಮೆ ಕೇಳಿಸಿದರು. ಟೀಕೆ ಬಂದ ಮೇಲೆ, ನಾನು ಇದನ್ನು ಸರಿಯಾಗಿ ನಿಭಾಯಿಸಲಿಲ್ಲ ಅಂತ ಹ್ಯಾರಿಸನ್ ತಾವೇ ಕ್ಷಮೆ ಕೇಳಿದರು. ಸತ್ತ ಮಕ್ಕಳ ತಾಯಂದಿರ ಎದುರು ಆಶೀರ್ವಾದ ಹೇಳಿದ್ದಕ್ಕೆ ಕ್ಷಮೆ ಕೇಳಬೇಕಾದ ಜಾಗಕ್ಕೆ ಗೆರೆ ಬಂದು ನಿಂತಿತ್ತು.

2023ರಲ್ಲಿ ಹ್ಯಾರಿಸನ್ ಅವರೇ ಆ ಗೆರೆಯ ಇನ್ನೊಂದು ಬದಿಯಲ್ಲಿ ಸಿಕ್ಕಿಕೊಂಡರು. ಅವರು 2010ರಿಂದ ಸಂಪ್ರದಾಯವಾದಿಗಳ ನಾಯಕ. ಸಿನಡ್‌ನ ಪ್ರಕಾಶನ ಸಂಸ್ಥೆ ಆ ಜನವರಿಯಲ್ಲಿ, ನಂಬಿಕೆಯ ಪಾಠದ ಪುಸ್ತಕವಾದ ಲೂಥರನ ದೊಡ್ಡ ಪ್ರಶ್ನೋತ್ತರವನ್ನು ಇಂದಿನ ಕಾಲದ ಪ್ರಬಂಧಗಳ ಜೊತೆ ಹೊರತಂದಿತು. ಕೆಲವು ಪ್ರಬಂಧಗಳು ಎಡಪಂಥದ ಮಾತಾಡುತ್ತವೆ ಅಂತ ಅಂತರ್ಜಾಲದಲ್ಲಿ ಗುಲ್ಲೆದ್ದಿತು. ಹ್ಯಾರಿಸನ್ ಪುಸ್ತಕದ ವಿತರಣೆ ನಿಲ್ಲಿಸಿದರು, ಓದಿ ನೋಡಿ ಮತ್ತೆ ಬಿಟ್ಟರು. ಗುಲ್ಲಿನ ಹಿಂದೆ ಬಿಳಿಯರೇ ಶ್ರೇಷ್ಠ ಅನ್ನುವ ಒಂದು ಸಣ್ಣ ಗುಂಪು ಇದೆ ಅಂತ ಕಂಡಾಗ, ಫೆಬ್ರವರಿಯಲ್ಲಿ ಪತ್ರ ಬರೆದು ಅಂಥವರನ್ನು ಖಂಡಿಸಿದರು. ಪಶ್ಚಾತ್ತಾಪ ಪಡದಿದ್ದರೆ ಸಭೆಯಿಂದ ಹೊರಗೆ ಅಂದರು. ಅವರು ಮಾಡಿದ್ದು ಸರಿ. ಆದರೆ ಒಂದು ಕಾಲದಲ್ಲಿ ಮಾಡರೇಟ್‌ಗಳು ಕೇಳಿಸಿಕೊಂಡ 'ಲಿಬರಲ್' ಎಂಬಂಥ ಬೈಗುಳವನ್ನು ಈಗ ಅವರೂ ಕೇಳಿಸಿಕೊಳ್ಳಬೇಕಾಯಿತು.

ಅದೇ ವರ್ಷ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಇರುವ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ವಿಷಯ ದೊಡ್ಡದಾಯಿತು. 1926ರಲ್ಲಿ ಶುರುವಾದ ಸಂಸ್ಥೆ. 2022ರ ನವೆಂಬರ್‌ನಲ್ಲಿ ಅದರ ಆಡಳಿತ ಮಂಡಳಿ, ಇನ್ನು ಮುಂದೆ ನಮ್ಮ ಸದಸ್ಯರನ್ನು ನಾವೇ ಆರಿಸಿಕೊಳ್ಳುತ್ತೇವೆ ಅಂತ ತೀರ್ಮಾನಿಸಿತು. ಲೂಥರನ್ ಆಗಿಯೇ ಇರುತ್ತೇವೆ, ಸಿನಡ್‌ನ ಕೈಕೆಳಗೆ ಮಾತ್ರ ಇರುವುದಿಲ್ಲ ಅನ್ನುವುದು ಅವರ ನಿಲುವು. ಸಿನಡ್ ಫೆಡರಲ್ ಕೋರ್ಟಿಗೆ ಹೋಯಿತು. 1974ರಲ್ಲಿ ಕಾಂಕಾರ್ಡಿಯಾ ಸೆಮಿನರಿಯಲ್ಲಿ ಕಟ್ಟಡ ಸಿನಡ್‌ಗೆ ಉಳಿಯಿತು, ಮನುಷ್ಯರು ಹೊರಗೆ ನಡೆದರು. ಈ ಸಲ ಮನುಷ್ಯರು ಒಳಗೇ ಕೂತರು, ಕಟ್ಟಡ ಯಾರದು ಅಂತ ಸಿನಡ್ ಕೇಳಿತು. ಕೋರ್ಟಿನ ಮುಂದೆ ಬಂದದ್ದು ಮಂಡಳಿಯ ಕುರ್ಚಿಗಳನ್ನು ಯಾರು ತುಂಬಬೇಕು, ಆಸ್ತಿ ಯಾರ ಹೆಸರಿನಲ್ಲಿ ಇದೆ ಅನ್ನುವ ಪ್ರಶ್ನೆ. ಆದಾಮ, ಮೋಶೆ, ಯೋನನ ಬಗ್ಗೆ ಅಲ್ಲಿನ ಮೇಷ್ಟ್ರು ಏನು ಕಲಿಸಬಹುದು ಅನ್ನುವುದು ಆ ಕುರ್ಚಿಗಳಲ್ಲಿ ಕೂರುವವರ ಕೈಗೆ ಹೋಗುತ್ತದೆ.